ನರಸಿಂಹಯ್ಯನವರ ಸೌಂದರ್ಯ ತಪಾಸಣೆ

ಸರ್ಕಾರಿ ಪ್ರಪಂಚದಲ್ಲಿ ಮೂರು ಬಗೆಯ ಜೀವಿಗಳುಂಟು: ಫೈಲನ್ನು ಬರೆಯುವವರು, ಫೈಲಿಗೆ ಸಹಿ ಹಾಕುವವರು, ಫೈಲನ್ನು ಹೊರುವವರು. ಮೊದಲನೆಯವರಿಗೆ ಬೆನ್ನುನೋವು ಬರುತ್ತದೆ. ಎರಡನೆಯವರಿಗೆ ಬಡ್ತಿ ಬರುತ್ತದೆ. ಮೂರನೆಯವರಿಗೆ ಏನು ಬರುತ್ತದೆಂಬುದನ್ನು ಯಾವ ಶಾಸ್ತ್ರಕಾರನೂ ವಿಚಾರಿಸಿದಂತಿಲ್ಲ. ಚಾಮರಾಜಪೇಟೆಯ ನರಸಿಂಹಯ್ಯನವರ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಹೇಳುವುದಾದರೆ, ಅವರಿಗೆ ಒಂದು ನಡಿಗೆ ಬರುತ್ತದೆ.

ನರಸಿಂಹಯ್ಯನವರು ತಪಾಸಣೆಯೇ ಕಸುಬಾಗಿದ್ದ ಒಂದು ಇಲಾಖೆಯಲ್ಲಿ ಗುಮಾಸ್ತರು. ಇಲಾಖೆ ಯಾವುದೆಂದು ಇಲ್ಲಿ ಬರೆಯುವುದು ಕ್ಷೇಮವಲ್ಲ; ಅವರ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಸಾಹೇಬರು ಎಲ್ಲಿಗೆ ತಪಾಸಣೆಗೆ ಹೊರಟರೂ ಕೆಂಪು ದಾರ ಕಟ್ಟಿದ ಫೈಲನ್ನು ಎಡಗಂಕುಳಲ್ಲಿ ಒತ್ತಿಕೊಂಡು ಹಿಂದೆ ಹಿಂದೆ ನಡೆಯುವುದು ಅವರ ಕರ್ತವ್ಯ. ಸಾಹೇಬರುಗಳು ಬಂದರು, ವರ್ಗವಾಗಿ ಹೋದರು; ಫೈಲು ಮಾತ್ರ ಆ ಕಂಕುಳನ್ನು ಬಿಡಲಿಲ್ಲ. ಇದರ ಫಲವಾಗಿ ಫೈಲಿಲ್ಲದೆ ಅವರಿಗೆ ನೆಟ್ಟಗೆ ನಡೆಯುವುದೇ ಬಾರದಾಯಿತು. ಭಾನುವಾರ ಸೊಪ್ಪು ತರಲು ಹೊರಟರೂ ಎಡಗೈ ಪಕ್ಕೆಗೆ ಅಂಟಿಕೊಂಡೇ ಇರುತ್ತಿತ್ತು. ನೋಡಿದವರು ಪಕ್ಕೆ ಉಳುಕಿದೆಯೇ ಎಂದು ಕೇಳುತ್ತಿದ್ದರು.

ಆದರೆ ಅವರಿದ್ದ ಬೀದಿಯ ಜನ ಅವರನ್ನು ಗುಮಾಸ್ತರೆಂದು ಬಗೆದಿರಲಿಲ್ಲ. ಇದಕ್ಕೆ ಕಾರಣ ಮನೆಯ ಮಾಲೀಕ ದೊಡ್ಡಬೈರಪ್ಪ. ಮಾಗಡಿ ಕಡೆಯ ಹಳ್ಳಿಯಿಂದ ಬಂದು, ಸೈಟು ವ್ಯಾಪಾರದಲ್ಲಿ ಕೈ ಕುದುರಿಸಿಕೊಂಡು, ಮೂರಂತಸ್ತಿನ ಮನೆ ಕಟ್ಟಿಸಿ, ಅದರ ಮೇಲಂತಸ್ತಿನಲ್ಲಿ ತಾವೇ ನೆಲೆಸಿದ್ದ ಈ ಮಹನೀಯರು ಕಂಡಕಂಡವರಿಗೆಲ್ಲ ‘ನಮ್ಮ ಕೆಳಗಿನ ಮನೇಲಿ ಆಫೀಸರ್ ಇದಾರೆ’ ಎಂದು ಹೇಳುತ್ತಿದ್ದರು. ಕೆಳಗಿನ ಬಾಡಿಗೆದಾರನ ಅಂತಸ್ತು ಏರಿದಷ್ಟೂ ನಡುವಿನ ಮನೆಯ ಬಾಡಿಗೆ ಏರುತ್ತದೆಂಬುದು ಅವರ ಅನುಭವ. ನರಸಿಂಹಯ್ಯನವರು ಮೊದಲ ವರ್ಷ ಸಂಕೋಚದಿಂದ ಸುಮ್ಮನಿದ್ದರು, ಎರಡನೆಯ ವರ್ಷ ಅಭ್ಯಾಸದಿಂದ ಸುಮ್ಮನಿದ್ದರು. ಆಮೇಲೆ, ಸತ್ಯಕ್ಕೆ ಚ್ಯುತಿ ಬಾರದಂತೆ ಹೇಳಬೇಕೆಂದರೆ, ಸಂತೋಷದಿಂದಲೇ ಸುಮ್ಮನಿದ್ದರು.

ಅವರ ಏಕಮಾತ್ರ ಪುತ್ರಿ ರಂಜಿನಿ ಬಿ.ಕಾಂ. ಮುಗಿಸಿದ್ದಳು. ಆದರೆ ಆಕೆಯ ವಿದ್ಯೆಯೆಲ್ಲ ಬೆರಳುಗಳಲ್ಲಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗಳ ಜಡೆ, ಮುಖದ ಅಲಂಕಾರ ಅವಳದೇ. ಸಂಭಾವನೆ ಒಂದು ರವಿಕೆ ಕಣ. ಈ ಕಲೆಯನ್ನು ಕ್ರಮವಾಗಿ ಕಲಿತು ಜೀವನೋಪಾಯ ಮಾಡಿಕೊಳ್ಳುತ್ತೇನೆಂದು ಅವಳು ಹೇಳಿದಾಗ ನರಸಿಂಹಯ್ಯನವರು ಮುಖ ಸಿಂಡರಿಸಲಿಲ್ಲ. ಕೇಶ ಕಟ್ಟುವುದೂ ಗಂಧ ಪೂಸುವುದೂ ಅರವತ್ತನಾಲ್ಕು ಕಲೆಗಳ ಪಂಕ್ತಿಯಲ್ಲಿ ಕುಳಿತಿವೆ. ಸಾಕ್ಷಾತ್ ಭಗವಂತನೂ ಬೆಳಗಿನ ಅಲಂಕಾರ ಮುಗಿಯುವ ತನಕ ತೆರೆಯ ಹಿಂದೆಯೇ ಇದ್ದು ಭಕ್ತರನ್ನು ಕಾಯಿಸುತ್ತಾನೆ. ಹೀಗಿರುವಾಗ ಮನುಷ್ಯಮಾತ್ರದವರು ಆಕ್ಷೇಪಿಸುವುದೇನು? ಪ್ರಶ್ನೆಯಿದ್ದುದು ಎಲ್ಲಿ ಕಲಿಯುವುದು ಎಂಬುದರಲ್ಲಿ.

ಮಲ್ಲೇಶ್ವರದಲ್ಲಿ ‘ಲಾವಣ್ಯಲಹರಿ ಇಂಟರ್‌ನ್ಯಾಷನಲ್ ಅಕಾಡೆಮಿ’ ಇತ್ತು. ಶುಲ್ಕ ನಾಲ್ಕೂವರೆ ಲಕ್ಷ. ಅಷ್ಟು ಹಣ ಕೈಯಲ್ಲಿಲ್ಲವೆಂದು ಯಾರೂ ನೊಂದುಕೊಳ್ಳಬೇಕಾಗಿರಲಿಲ್ಲ. ಅರ್ಜಿ ಕೊಡುವ ಮೇಜಿನ ಪಕ್ಕದಲ್ಲಿಯೇ ಸಾಲ ಕೊಡುವ ಮೇಜನ್ನೂ ಹಾಕಿದ್ದರು. ಕಲಿತು ಹೊರಬಿದ್ದವರಿಗೆ ತಿಂಗಳಿಗೆ ಎಂಬತ್ತು ಸಾವಿರ ಸಂಪಾದನೆಯೆಂದು ಅವರ ಬಣ್ಣದ ಕರಪತ್ರ ಸಾರುತ್ತಿತ್ತು. ರಂಜಿನಿ ವಿಚಾರಿಸಲು ಹೋಗಿದ್ದಾಗ ಯಜಮಾನರೂ ಅದನ್ನೇ ಬಾಯಿಬಿಟ್ಟು ಹೇಳಿದ್ದರು. ಇನ್ನೊಂದು ವಿಶ್ವೇಶ್ವರಪುರದ ‘ಸಿರಿಮುಡಿ’. ಶುಲ್ಕ ಎಪ್ಪತ್ತು ಸಾವಿರ, ಅದೂ ಕಂತಿನಲ್ಲಿ. ಕರಪತ್ರವಿಲ್ಲ. ಸಂಪಾದನೆ ಎಷ್ಟೆಂದು ಕೇಳಿದ್ದಕ್ಕೆ ಅದನ್ನು ನಡೆಸುವ ಮುನಿಯಕ್ಕ, ಮೊದಮೊದಲು ಹದಿನೈದು ಸಾವಿರ ಬರಬಹುದು, ಮುಂದಿನದು ನಿನ್ನ ಕೈಗುಣ ಎಂದಷ್ಟೇ ಹೇಳಿ ಯಾರದೋ ಹುಬ್ಬು ತಿದ್ದಲು ಹೋಗಿದ್ದರು.

ನರಸಿಂಹಯ್ಯನವರು ಲೆಕ್ಕ ಹಾಕಿದರು. ಎಂಬತ್ತು ಸಾವಿರ ನಿಜವಾದರೆ ಅಕಾಡೆಮಿಯ ಸಾಲ ವರ್ಷದೊಳಗೆ ತೀರುತ್ತದೆ. ಸುಳ್ಳಾದರೆ ಅದು ಅವರ ಪಿಂಚಣಿಯನ್ನು ನುಂಗಿ, ಮಗಳ ಅರ್ಧ ಯೌವನವನ್ನೂ ನುಂಗಿ, ಆಮೇಲೆ ತೀರುತ್ತದೆ. ಸೋಮವಾರದೊಳಗೆ ಮುಂಗಡ ಕಟ್ಟದಿದ್ದರೆ ಸೀಟು ಇಲ್ಲವೆಂದು ಅಕಾಡೆಮಿಯಿಂದ ದಿನವೂ ಫೋನು ಬರುತ್ತಿತ್ತು.

ಪತ್ನಿ ಮಾರಕ್ಕ ಅಕ್ಕಿ ಆರಿಸುತ್ತ ಒಂದೇ ಮಾತು ಕೇಳಿದರು. “ಎಂಬತ್ತು ಸಾವಿರ ಎಣಿಸ್ಕೊಂಡಿರೋರ್ನ ಯಾರಾದ್ರೂ ಕಣ್ಣಲ್ಲಿ ನೋಡಿದಾರಾ?”

ಆ ಗಳಿಗೆಗೆ ನೀರಿನ ಮೋಟಾರಿನ ವಿಷಯ ಹೇಳಲು ಬಂದಿದ್ದ ದೊಡ್ಡಬೈರಪ್ಪ ಬಾಗಿಲಲ್ಲಿ ನಿಂತಿದ್ದರು. ಶ್ರೋತೃವೊಬ್ಬನಿದ್ದಾಗ ಮನುಷ್ಯನ ನಾಲಗೆಗೆ ಬರುವ ಶೌರ್ಯ ಏಕಾಂತದಲ್ಲಿ ಬಾರದು. ನರಸಿಂಹಯ್ಯನವರು ಎದೆ ಸೆಟೆದು, ತಪಾಸಣೆ ಮಾಡದೆ ತಾವು ಒಂದು ತೆಂಗಿನಕಾಯಿಯನ್ನೂ ಕೊಳ್ಳುವವರಲ್ಲವೆಂದೂ, ಎರಡೂ ಶಾಲೆಗಳಿಗೆ ಖುದ್ದಾಗಿ ಹೋಗಿ ನೋಡುವುದಾಗಿಯೂ ಸಾರಿದರು. ದೊಡ್ಡಬೈರಪ್ಪ ಮೋಟಾರನ್ನು ಮರೆತು, ಆ ಶಾಲೆಯವರ ಗತಿಯೇನೋ ಎಂದು ಕನಿಕರಪಟ್ಟು ಮೇಲೆ ಹೋದರು.

ಶುಕ್ರವಾರ ರಜೆ ಹಾಕಿ ನರಸಿಂಹಯ್ಯನವರು ಮಲ್ಲೇಶ್ವರಕ್ಕೆ ಹೊರಟರು. ಕಂಕುಳಲ್ಲಿ ಫೈಲಿತ್ತು. ಅದರೊಳಗಿದ್ದುದು ಅಕಾಡೆಮಿಯ ಕರಪತ್ರ ಮತ್ತು ರಂಜಿನಿಯ ಅಂಕಪಟ್ಟಿ ಮಾತ್ರ. ಆದರೆ ಕೆಂಪು ದಾರ ಬಿಗಿದ ಮೇಲೆ ಫೈಲಿನೊಳಗೆ ಏನಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ; ಅದರ ಮಹಿಮೆ ಇರುವುದೇ ಅಲ್ಲಿ.

ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಗುಲಾಬಿಯ ವಾಸನೆ, ಮಾರ್ಗಶಿರದ ಚಳಿ. ಅಪಾಯಿಂಟ್‌ಮೆಂಟ್ ಇದೆಯೇ ಎಂದು ಒಬ್ಬ ಹುಡುಗಿ ಕೇಳಿದಳು. ಇಂಥ ಸಂದರ್ಭದಲ್ಲಿ ಸಾಹೇಬರುಗಳು ಏನು ಮಾಡುತ್ತಾರೆಂಬುದನ್ನು ನರಸಿಂಹಯ್ಯನವರು ಹಿಂದಿನಿಂದ ಜೀವಮಾನವೆಲ್ಲ ನೋಡಿದ್ದರು. ಬೇರೆ ರೀತಿಯಲ್ಲಿ ಒಂದು ಸ್ಥಳವನ್ನು ಪ್ರವೇಶಿಸುವುದು ಅವರಿಗೆ ತಿಳಿದೇ ಇರಲಿಲ್ಲ. ಹುಡುಗಿಯ ಕಡೆ ನೋಡದೆ ಛಾವಣಿಯನ್ನು ನೋಡಿದರು. ಗೋಡೆಯನ್ನು ನೋಡಿದರು. “ಯಜಮಾನ್ರು ಎಲ್ಲಿ?” ಎಂದು ಕೇಳಿ, ಉತ್ತರ ಬರುವ ಮೊದಲೇ ಒಳಗೆ ನಡೆದು, ಯಾರೂ ಹೇಳದೆಯೇ ಕುರ್ಚಿಯಲ್ಲಿ ಕುಳಿತು, ಫೈಲನ್ನು ಮೇಜಿನ ಮೇಲೆ ಕುಕ್ಕಿದರು.

ಯಜಮಾನರಾದ ವೇಣುಗೋಪಾಲ್ ಎದ್ದು ನಿಂತರು. ಲಾಲ್‌ಬಾಗಿನ ಬೇಲಿಯಂತೆ ಕತ್ತರಿಸಿದ ಗಡ್ಡ, ನೀಲಿ ಕೋಟು. ಕಾಫಿ ಬರಲಿ ಎಂದರು, ನರಸಿಂಹಯ್ಯನವರು ಬೇಡವೆಂದರು. ಸಾಹೇಬರುಗಳು ಮೊದಲ ಸಲ ಬೇಡವೆನ್ನುವುದು ಸಂಪ್ರದಾಯ. ಯಾವ ಆಫೀಸಿನಿಂದ ಬಂದಿದ್ದೀರೆಂದು ವೇಣುಗೋಪಾಲ್ ಮೆಲ್ಲಗೆ ಕೇಳಿದರು. ಸುಳ್ಳು ಹೇಳುವುದು ನರಸಿಂಹಯ್ಯನವರ ಸ್ವಭಾವದಲ್ಲಿಲ್ಲ. ತಮ್ಮ ಇಲಾಖೆಯ ಹೆಸರನ್ನು ಇದ್ದಂತೆ ಹೇಳಿದರು. ವೇಣುಗೋಪಾಲರ ಗಡ್ಡ ಸ್ವಲ್ಪ ಇಳಿದಂತೆ ಕಂಡಿತು. ಅದನ್ನು ಕಂಡು ಮರುಕಗೊಂಡ ನರಸಿಂಹಯ್ಯನವರು, ಎದುರಿನವರನ್ನು ಸಮಾಧಾನಪಡಿಸಲೆಂದೇ ಮತ್ತೊಂದು ನಿಜವನ್ನು ಹೇಳಿದರು.

“ಗಾಬ್ರಿಯಾಗ್ಬೇಡಿ. ಇಲಾಖೆ ಕಡೆಯಿಂದ ಬಂದಿಲ್ಲ. ಪರ್ಸನಲ್ಲಾಗಿ ಬಂದಿದೀನಿ.”

ಈ ಮಾತನ್ನು ವೇಣುಗೋಪಾಲ್ ತಮ್ಮ ವ್ಯಾಪಾರಜೀವನದಲ್ಲಿ ಹಲವು ಸಲ ಕೇಳಿದ್ದರು. ಹೇಳಿದವರೆಲ್ಲರೂ ಇಲಾಖೆಯ ಕಡೆಯಿಂದ ಬಂದವರಿಗಿಂತ ದುಬಾರಿಯಾಗಿದ್ದರು. ಅವರು ಎದ್ದು ಕೋಣೆಯ ಬಾಗಿಲು ಹಾಕಿದರು.

“ನಿಮ್ಮಲ್ಲಿ ಕಲಿತೋರು ತಿಂಗಳಿಗೆ ಎಷ್ಟು ಸಂಪಾದ್ನೆ ಮಾಡ್ತಾರೆ?” ಎಂದರು ನರಸಿಂಹಯ್ಯನವರು. “ನಮಗೆ ಅದೊಂದು ಗೊತ್ತಾಗ್ಬೇಕು.”

ಶಿಷ್ಯರ ಸಂಪಾದನೆಯಿಂದ ಆರಂಭವಾದ ಪ್ರಶ್ನೆ ಗುರುವಿನ ಸಂಪಾದನೆಯಲ್ಲಿ ಮುಗಿಯುತ್ತದೆಂಬುದನ್ನು ವೇಣುಗೋಪಾಲ್ ತತ್‌ಕ್ಷಣ ಗ್ರಹಿಸಿದರು. ಅವರ ಮುಖವನ್ನು ದಾರಿದ್ರ್ಯ ಆವರಿಸಿತು.

“ಸಂಪಾದ್ನೆನಾ ಸರ್? ಹನ್ನೆರಡು ಸಾವಿರ ಬಂದ್ರೆ ಅವತ್ತು ಹಬ್ಬ.”

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಕಲಿತವರಲ್ಲಿ ಅರ್ಧ ಜನ ಈ ಕಸುಬನ್ನೇ ಬಿಟ್ಟಿದ್ದಾರೆಂದರು. ಹೋದ ವರ್ಷದ ಮೊದಲ ರ‍್ಯಾಂಕಿನ ಹುಡುಗಿ ಮೊಬೈಲ್ ಅಂಗಡಿಯಲ್ಲಿ ಕವರು ಮಾರುತ್ತಿದ್ದಾಳೆಂದರು. ಎರಡನೆಯ ರ‍್ಯಾಂಕಿನವಳು ಒಂದು ಪಾರ್ಲರಿನಲ್ಲಿದ್ದಾಳೆ, ಆದರೆ ಅವಳ ಕೈಗೆ ಇನ್ನೂ ಕತ್ತರಿ ಕೊಟ್ಟಿಲ್ಲ, ಟವೆಲ್ ಹಿಡಿದು ನಿಂತಿರುತ್ತಾಳೆಂದರು. ಅಕಾಡೆಮಿ ನಡೆಯುತ್ತಿರುವುದು ಕೇವಲ ಕಲಾಸೇವೆಗಾಗಿ ಎಂದರು. ನರಸಿಂಹಯ್ಯನವರು ಫೈಲಿನ ದಾರ ಬಿಚ್ಚಿ ಕರಪತ್ರವನ್ನು ಹೊರತೆಗೆದು, ಇದರಲ್ಲಿ ಎಂಬತ್ತು ಸಾವಿರವೆಂದಿದೆಯಲ್ಲ ಎಂದರು. ತಮ್ಮ ಕರಪತ್ರ ಸರ್ಕಾರಿ ಫೈಲಿನಲ್ಲಿ ಸೇರಿಕೊಂಡಿರುವುದನ್ನು ಕಂಡು ವೇಣುಗೋಪಾಲರಿಗೆ ಆ ಚಳಿಯಲ್ಲಿಯೂ ಬೆವರಿತು.

“ಅದು... ನಮ್ದು ಬ್ಯೂಟಿ ಲೈನ್ ಅಲ್ವಾ ಸರ್. ಪೇಪರ್‌ಗೂ ಸ್ವಲ್ಪ ಮೇಕಪ್ ಇರುತ್ತೆ.”

“ಹ್ಞೂಂ,” ಎಂದರು ನರಸಿಂಹಯ್ಯನವರು. ಸಂದರ್ಶಕರ ಪುಸ್ತಕದಲ್ಲಿ ಹೆಸರು, ವಿಳಾಸ ಬರೆದು ಸಹಿ ಮಾಡಿದರು. ಎರಡನೆಯ ಸಲ ಕೇಳಿದಾಗ ಕಾಫಿ ಕುಡಿದರು.

ವಿವೇಕವುಳ್ಳ ಬೇರೆ ಯಾರೇ ಆಗಿದ್ದರೂ ಇಷ್ಟನ್ನು ಕೇಳಿ ನೆಟ್ಟಗೆ ಮನೆಗೆ ಹೋಗಿ, ಆ ಶಾಲೆಯ ಸುದ್ದಿ ಬೇಡವೆನ್ನುತ್ತಿದ್ದರು. ನರಸಿಂಹಯ್ಯನವರ ಬುದ್ಧಿ ಬೇರೆ ಹಾದಿಯಲ್ಲಿ ನಡೆಯಿತು. ಶುಲ್ಕ ವಸೂಲು ಮಾಡುವ ಸ್ಥಾನದಲ್ಲಿ ಕುಳಿತು, ತನ್ನ ಶಾಲೆಯ ನ್ಯೂನತೆಯನ್ನು ತಾನೇ ಹೇಳಿಕೊಳ್ಳುವ ಇಂಥ ಸತ್ಯಸಂಧನನ್ನು ಅವರು ಇದುವರೆಗೆ ಕಂಡಿರಲಿಲ್ಲ. ಬಸ್ಸಿನಲ್ಲಿ ಕುಳಿತು ಯೋಚಿಸಿದಷ್ಟೂ ಅವರ ಕಣ್ಣು ಹನಿಗೂಡಿತು.

ದಾರಿಯಲ್ಲೇ ಇಳಿದು ವಿಶ್ವೇಶ್ವರಪುರವನ್ನೂ ಮುಗಿಸಿಬಿಡೋಣವೆಂದುಕೊಂಡರು. ಆದರೆ ಅವರಿಗಿಂತ ಮೊದಲು ಫೋನು ಅಲ್ಲಿಗೆ ತಲುಪಿತ್ತು. ತನಗೆ ಬಂದ ಕಷ್ಟ ಊರವರಿಗೂ ಬರಲಿ ಎಂಬ ಸೋದರಭಾವದಿಂದಲೋ ಏನೋ, ವೇಣುಗೋಪಾಲ್ ಕಸುಬಿನವರಿಗೆಲ್ಲ ಸುದ್ದಿ ಮುಟ್ಟಿಸಿದ್ದರು: ಕೆಂಪು ದಾರದ ಫೈಲು, ಎಡಗಂಕುಳು, ಪರ್ಸನಲ್ಲಾಗಿ ಬರುತ್ತಾನೆ.

ಸಿರಿಮುಡಿ ಇದ್ದ ತಿಂಡಿಬೀದಿಯ ಅಂಗಡಿಗಳಲ್ಲಿ ಆಗತಾನೇ ಎಣ್ಣೆ ಕಾಯುತ್ತಿತ್ತು. ನರಸಿಂಹಯ್ಯನವರು ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಸಿರಿಮುಡಿಯ ರೋಲಿಂಗ್ ಷಟರ್ ಸಿಡಿಲಿನಂತೆ ಕೆಳಗಿಳಿಯಿತು. ಹಿಂದಿನ ಓಣಿಯಿಂದ ನಾಲ್ಕಾರು ಹುಡುಗಿಯರು ಬಾಚಣಿಗೆ ಹಿಡಿದುಕೊಂಡೇ ಓಡಿದರು. ಕಡೆಯಲ್ಲಿ, ಮುಖಕ್ಕೆಲ್ಲ ಹಸಿರು ಲೇಪ ಬಳಿಸಿಕೊಂಡ ಗೃಹಿಣಿಯೊಬ್ಬರು ಸೆರಗನ್ನು ತಲೆಯ ಮೇಲೆಳೆದುಕೊಂಡು ಬಂದು, ನಿಂತಿದ್ದ ನರಸಿಂಹಯ್ಯನವರನ್ನೇ ಕೇಳಿದರು.

“ಅಣ್ಣಾ, ಆಫೀಸರ್ ಹೋದ್ರಾ?”

“ಯಾವ ಆಫೀಸರಮ್ಮಾ? ನಾನ್ ಯಾರ್‍ನೂ ನೋಡ್ಲಿಲ್ವಲ್ಲ.”

ಹಸಿರು ಮುಖ ನಿಟ್ಟುಸಿರು ಬಿಟ್ಟು ಆಟೋ ಹತ್ತಿತು. ನರಸಿಂಹಯ್ಯನವರು ಮುಚ್ಚಿದ ಷಟರನ್ನು ಬಹಳ ಹೊತ್ತು ನೋಡಿ, ಕೆಲಸದ ವೇಳೆಯಲ್ಲಿ ಬೀಗ ಹಾಕುವ ಸಂಸ್ಥೆ ವಿಶ್ವಾಸಾರ್ಹವಲ್ಲವೆಂದು ನಿರ್ಧರಿಸಿದರು.

ಮನೆಗೆ ಬಂದು ವರದಿ ಒಪ್ಪಿಸಿದರು. ವೇಣುಗೋಪಾಲರ ಸತ್ಯನಿಷ್ಠೆಯನ್ನು ವರ್ಣಿಸಿ, ಸೋಮವಾರ ಅಲ್ಲಿಯೇ ಮುಂಗಡ ಕಟ್ಟಿ ಸಾಲದ ಕಾಗದಕ್ಕೆ ಸಹಿ ಹಾಕುವುದೆಂದು ತೀರ್ಮಾನ ಹೇಳಿದರು. ರಂಜಿನಿ ಬೆರಗಾಗಿ ತಂದೆಯ ಮುಖ ನೋಡಿದಳು. ಹನ್ನೆರಡು ಸಾವಿರದಲ್ಲಿ ಕಂತು ಕಟ್ಟುವುದು ಹೇಗೆಂದು ಕೇಳಿದಳು.

“ಮಗಾ, ಬಾಯಿಬಿಟ್ಟು ನಿಜ ಹೇಳ್ದ ಮನುಷ್ಯ. ಅಂಥೋರ ಹತ್ರ ಕಲಿತ್ರೆ ಮೋಸ ಇರಲ್ಲ.”

“ಮೋಸಾನೂ ಇರಲ್ಲ, ಸಂಬಳಾನೂ ಇರಲ್ಲ,” ಎಂದರು ಮಾರಕ್ಕ. ಆ ರಾತ್ರಿ ಸಾರಿಗೆ ಉಪ್ಪೂ ಇರಲಿಲ್ಲ.

ಭಾನುವಾರ ಬೆಳಗ್ಗೆ ದೊಡ್ಡಬೈರಪ್ಪನವರೇ ಮುಂದಾಗಿ ಒಬ್ಬರನ್ನು ಕರೆದುಕೊಂಡು ಬಂದರು. ನೀಲಿ ಕೋಟು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಪುಸ್ತಕದಲ್ಲಿದ್ದ ವಿಳಾಸ ಹಿಡಿದು ವೇಣುಗೋಪಾಲ್ ಬಂದಿದ್ದರು. ಆಫೀಸರ ಮನೆ ಯಾವುದೆಂದು ಕೇಳಿದ ಕೂಡಲೇ ಇಡೀ ಬೀದಿ ಇತ್ತ ಕೈ ತೋರಿಸಿತ್ತು. ಆಫೀಸರ ಮನೆಗೆ ಬುಟ್ಟಿ ಬರುವ ದೃಶ್ಯವನ್ನು ದೊಡ್ಡಬೈರಪ್ಪ ಇಷ್ಟು ವರ್ಷಗಳಿಂದ ಎದುರುನೋಡುತ್ತಿದ್ದರು. ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕುಳಿತರು.

ವೇಣುಗೋಪಾಲ್ ಬುಟ್ಟಿಯನ್ನು ಟೀಪಾಯಿಯ ಮೇಲಿಟ್ಟು, ತಮ್ಮಲ್ಲಿ ಒಂದು ಸೀಟು ಸದಾ ‘ಬೇಕಾದವರಿಗೆ’ ಮೀಸಲಾಗಿರುತ್ತದೆಂದೂ, ಸಾಹೇಬರ ಕಡೆಯ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಒಂದು ರೂಪಾಯಿ ಶುಲ್ಕವಿಲ್ಲದೆ ಕಲಿಸುವುದಾಗಿಯೂ ತಿಳಿಸಿದರು.

ನರಸಿಂಹಯ್ಯನವರು ಬುಟ್ಟಿಯನ್ನು ನೋಡಿದರು. ಇಂಥ ಬುಟ್ಟಿಗಳನ್ನು ಅವರು ಎಷ್ಟೋ ನೋಡಿದ್ದರು, ಸಾಹೇಬರ ಕಾರಿನ ತನಕ ಹೊತ್ತೂ ಇದ್ದರು. ಅವರ ಹೆಸರಿಗೆ ಬಂದದ್ದು ಇದೇ ಮೊದಲು. ಒಂದು ಹ್ಞೂಂ ಅಂದರೆ ಸಾಕು. ಸಾಲವಿಲ್ಲ, ಕಂತಿಲ್ಲ, ಪಿಂಚಣಿ ಇಡಿಯಾಗಿ ಉಳಿಯುತ್ತದೆ. ಆ ಹ್ಞೂಂ ಗಂಟಲಿನ ತನಕ ಬಂದೂ ಬಿಟ್ಟಿತ್ತು. ಅಷ್ಟರಲ್ಲಿ ರಂಜಿನಿ ಕಾಫಿ ತಂದಳು.

ವೇಣುಗೋಪಾಲ್ ಅವಳನ್ನು ನೋಡಿದರು. ಇವರು ತಮ್ಮಲ್ಲಿಗೆ ವಿಚಾರಿಸಲು ಬಂದಿದ್ದರಲ್ಲವೇ ಎಂದರು. ನಮ್ಮ ಮಗಳು ಎಂದರು ನರಸಿಂಹಯ್ಯನವರು. ರಂಜಿನಿ ಲೋಟವನ್ನು ಅವರ ಕೈಗೆ ಕೊಟ್ಟು, ಎದುರಿಗೆ ನಿಂತಳು.

“ಸರ್, ನಂಗೆ ಎಂಬತ್ತು ಸಾವಿರ ಅಂದ್ರಿ, ಅಪ್ಪಂಗೆ ಹನ್ನೆರಡು ಅಂದ್ರಿ. ನಾವಿಬ್ರೂ ಒಂದೇ ಮನೇಲಿರೋದು.”

ಆಗ ವೇಣುಗೋಪಾಲರಿಗೆ ಒದಗಿದ ಸಂಕಟ ಶತ್ರುವಿಗೂ ಬೇಡ. ಬಲಕ್ಕೆ ಆಫೀಸರು, ಎಡಕ್ಕೆ ವಿದ್ಯಾರ್ಥಿನಿ. ಬಲಕ್ಕೆ ತಿರುಗಿದಾಗ ಹನ್ನೆರಡು ಎಂದರು. ಎಡಕ್ಕೆ ತಿರುಗಿದಾಗ ಅದು ಆರಂಭದಲ್ಲಿ ಮಾತ್ರ, ಮುಂದೆ ಎಂಬತ್ತು ಎಂದರು. ಮತ್ತೆ ಬಲಕ್ಕೆ ತಿರುಗಿ, ಎಂಬತ್ತು ಪಡೆದವರು ಇದುವರೆಗೆ ಯಾರೂ ಇಲ್ಲ ಎಂದರು. ಕತ್ತಿನ ನರ ಹಿಡಿದುಕೊಳ್ಳುವಂತಾಯಿತು. ಪಂದ್ಯ ನೋಡುವವರಂತೆ ದೊಡ್ಡಬೈರಪ್ಪನವರ ತಲೆಯೂ ಜೊತೆಜೊತೆಗೆ ತಿರುಗುತ್ತಿತ್ತು.

ತಾವು ಕಣ್ಣೀರು ಸುರಿಸಿದ ಸತ್ಯನಿಷ್ಠೆ ಎಂಥದೆಂಬುದು ನರಸಿಂಹಯ್ಯನವರಿಗೆ ಈಗ ತಿಳಿಯಿತು. ಇಂಥವರ ಕೈಯಲ್ಲಿ ಮಗಳು ಪುಕ್ಕಟೆಯಾಗಿ ಕಲಿತರೂ ಕಲಿಯುವುದೇನು? ಅವರು ಒಮ್ಮೆ ದೊಡ್ಡಬೈರಪ್ಪನವರ ಕಡೆ ನೋಡಿದರು. ಈ ಮನೆಯಲ್ಲಿದ್ದ ಅಷ್ಟೂ ವರ್ಷಗಳ ಗೌರವ ಆ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿತ್ತು. ಆದರೂ ಹೇಳಿಬಿಟ್ಟರು.

“ವೇಣುಗೋಪಾಲ್ ಅವ್ರೆ, ಬುಟ್ಟಿ ತಗೊಂಡೋಗಿ. ನಾನು ಆಫೀಸರ್ ಅಲ್ಲ. ಆಫೀಸರ್ ಹಿಂದೆ ಫೈಲ್ ಹೊರೋನು. ಅವತ್ತು ಬಂದಿದ್ದು ಇವಳ ಅಪ್ಪ ಆಗಿ.”

ವೇಣುಗೋಪಾಲರ ಮುಖದಲ್ಲಿ ರಕ್ತ ಮರಳಿತು, ಭುಜಗಳು ನೆಟ್ಟಗಾದವು, ಗಡ್ಡ ಕೂಡ ಎದ್ದು ನಿಂತಂತಾಯಿತು. ಅವರು ಬುಟ್ಟಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ಮೊದ್ಲೇ ಹೇಳ್ಬಾರ್ದಾ ಸರ್. ಹಾಗಾದ್ರೆ ಎಂಬತ್ತೇ. ನಾಳೆ ಮುಂಗಡ ಕಟ್ಟಿದ್ರೆ ಎಂಬತ್ತೈದೂ ಆಗ್ಬೋದು.”

ಅಡುಗೆಮನೆಯಿಂದ ಮಾರಕ್ಕ ಹೊರಗೆ ಬಂದರು. ಕೈಯಲ್ಲಿ ಲಟ್ಟಣಿಗೆಯಿತ್ತು. ಚಪಾತಿ ಲಟ್ಟಿಸುತ್ತಿದ್ದವರು ಹಾಗೆಯೇ ಬಂದಿದ್ದರು, ಅಷ್ಟೇ. ವೇಣುಗೋಪಾಲ್ ಬುಟ್ಟಿಸಮೇತ ನಿರ್ಗಮಿಸಿದರು.

ಇನ್ನು ದೊಡ್ಡಬೈರಪ್ಪನವರ ತಿರಸ್ಕಾರವನ್ನು ಎದುರಿಸಬೇಕೆಂದು ನರಸಿಂಹಯ್ಯನವರು ತಲೆತಗ್ಗಿಸಿದರು. ಆದರೆ ಆ ಮಹನೀಯರ ಕಣ್ಣುಗಳಲ್ಲಿ ಭಕ್ತಿ ತುಳುಕುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಬೀದಿಗೆಲ್ಲ ಸಾರಿದ್ದರು: ಲಂಚ ಬೇಡವೆಂದು ಬಯ್ಯುವ ಆಫೀಸರನ್ನು ನೋಡಿದ್ದೇವೆ, ಕೊಡಲು ಬಂದವನ ಮನಸ್ಸು ನೋಯಬಾರದೆಂದು ತಾನು ಆಫೀಸರೇ ಅಲ್ಲವೆಂದು ಹೇಳಿ ಕಳಿಸುವವರು ಈ ಕಲಿಯುಗದಲ್ಲಿ ನಮ್ಮ ಕೆಳಗಿನ ಮನೆಯವರೊಬ್ಬರೇ. ಬೀದಿಯ ಮೂಲೆಯಲ್ಲಿ ಅಂಗಡಿಯಿಟ್ಟಿದ್ದ ಮೂರ್ತಿಯವರು ಎದ್ದುಬಂದು ಕೈಮುಗಿದರು. ನರಸಿಂಹಯ್ಯನವರು ಅಲ್ಲವೆಂದಷ್ಟೂ ಅವರ ಪದವಿ ಏರಿತು. ಸಂಜೆಯ ವೇಳೆಗೆ ಅವರು ಕಮಿಷನರ್ ಆಗಿದ್ದರು.

ಶುಕ್ರವಾರ ಆ ಷಟರು ಇಳಿದದ್ದು ತಮ್ಮನ್ನೇ ಕಂಡು ಎಂಬುದು ನರಸಿಂಹಯ್ಯನವರಿಗೆ ಈಗ ಹೊಳೆದಿತ್ತು; ಸೋಮವಾರ ಬೆಳಗ್ಗೆ ತಂದೆ ಮಗಳು ಸಿರಿಮುಡಿಗೆ ಹೊರಟರು. ತಾನು ಊರಿನ ಕಡೆಯಿಂದ ಮುನಿಯಕ್ಕನಿಗೆ ಪರಿಚಯ, ಒಂದು ಮಾತು ಹೇಳುತ್ತೇನೆ ಎಂದು ದೊಡ್ಡಬೈರಪ್ಪ ಬೇಡವೆಂದರೂ ಕೇಳದೆ ಜೊತೆಗೆ ಬಂದರು. ಮುನಿಯಕ್ಕ ಬಾಗಿಲಲ್ಲಿಯೇ ನಿಂತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಲೋಕದಲ್ಲಿ ಅವರಿಗೆ ಭಯವಿದ್ದುದು ಆಫೀಸರುಗಳದು ಮಾತ್ರ. ಹಿಂದೊಮ್ಮೆ ಯಾರೋ ಬಂದು ಬೋರ್ಡಿನಲ್ಲಿ ಕನ್ನಡ ಚಿಕ್ಕದಾಗಿದೆಯೆಂದು ಗದರಿಸಿ ಹೋದ ಮೇಲೆ ಅವರು ಎಷ್ಟು ದಪ್ಪಕ್ಷರದಲ್ಲಿ ಬರೆಸಿದ್ದರೆಂದರೆ ಹೆಸರು ಬೋರ್ಡಿನಲ್ಲಿ ಹಿಡಿಸದೆ, ಕಡೆಯ ಅಕ್ಷರ ಪಕ್ಕದ ಹೊಲಿಗೆಯಂಗಡಿಯ ಗೋಡೆಗೆ ದಾಟಿತ್ತು.

ನರಸಿಂಹಯ್ಯನವರು ವಿನಯದಿಂದ, ತಾನು ಯಾವ ಆಫೀಸರೂ ಅಲ್ಲ, ಈ ಹುಡುಗಿಯನ್ನು ಸೇರಿಸಿಕೊಳ್ಳಬೇಕು ಎಂದು ಆರಂಭಿಸಿದರು. ಮುನಿಯಕ್ಕನ ಮುಖ ಸ್ವಲ್ಪ ಸಡಿಲವಾಯಿತು. ಸರಿಯಾಗಿ ಆಗಲೇ ದೊಡ್ಡಬೈರಪ್ಪ ಮುಂದೆ ಬಂದರು.

“ನಂಬ್ಬೇಡ ಮುನಿಯಕ್ಕ. ದೊಡ್ಡ ಆಫೀಸರ್ ಇವ್ರು. ಯಾರ್ ಕೇಳಿದ್ರೂ ಅಲ್ಲ ಅಂತಾರೆ, ಅಷ್ಟು ದೊಡ್ಡವ್ರು.”

ಈ ಉಪಕಾರವನ್ನು ಮಾಡಿ ಮುಗಿಸಿ, ಮನೆಯಲ್ಲಿ ಪ್ಲಂಬರ್ ಬರುವವನಿದ್ದಾನೆಂದು ಅವರು ಹೊರಟುಹೋದರು. ಮುನಿಯಕ್ಕ ಕೈಮುಗಿದು, ಸೀಟುಗಳೆಲ್ಲ ಭರ್ತಿಯಾಗಿವೆ ಎಂದರು. ಅವರ ಹಿಂದೆ ಖಾಲಿ ಕುರ್ಚಿಗಳು ಸಾಲಾಗಿ ಕಾಣುತ್ತಿದ್ದವು.

ನರಸಿಂಹಯ್ಯನವರು ಗುರುತಿನ ಚೀಟಿ ತೋರಿಸಿದರು. ಅದರಲ್ಲಿ ಇಲಾಖೆಯ ಹೆಸರು ದಪ್ಪಕ್ಷರದಲ್ಲಿತ್ತು, ಮುನಿಯಕ್ಕ ಕಣ್ಣುಮುಚ್ಚಿಕೊಂಡರು. ಮಗಳನ್ನು ಒಳಗೆ ಬಿಟ್ಟು ಗುಟ್ಟು ತಿಳಿದುಕೊಳ್ಳುವ ಹೊಸ ಉಪಾಯವಿದು ಎಂದು ಅವರಿಗೆ ಖಚಿತವಾಗಿತ್ತು. ಎಪ್ಪತ್ತು ಸಾವಿರದ ಸೀಟು, ಸಾಲವಿಲ್ಲದ ಸೀಟು, ತಾವು ಅಡ್ಡಾಡಿದ ನಡಿಗೆಯೊಂದರಿಂದಲೇ ಕೈಜಾರುತ್ತಿರುವುದನ್ನು ನರಸಿಂಹಯ್ಯನವರು ಕಂಡರು. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ರಂಜಿನಿ ಒಳಗೆ ಇಣುಕಿದಳು. ಇಬ್ಬರು ಹೊಸ ಹುಡುಗಿಯರು ಕತ್ತರಿ ಹಿಡಿದು ಪ್ಲಾಸ್ಟಿಕ್ ತಲೆಯೊಂದರ ಮುಂದೆ ನಿಂತಿದ್ದರು. ಕಲಿಯುವವರ ಕೈಗೆ ನಿಜವಾದ ತಲೆ ಕೊಡುವವರು ಸಿಗದಿರುವುದು ಈ ವಿದ್ಯೆಯ ಅನಾದಿಕಾಲದ ಕಷ್ಟ.

“ಅಕ್ಕಾ, ಯಾವ ಆಫೀಸರ್ ಆದ್ರೂ ಕಲಿಯೋ ಹುಡ್ಗೀರ್ ಕೈಗೆ ತಲೆ ಕೊಡ್ತಾನಾ?” ಎಂದಳು ರಂಜಿನಿ. “ಅಪ್ಪಾ, ಹೋಗಿ ಆ ಕುರ್ಚೀಲಿ ಕೂತ್ಕೊಳ್ಳಿ.”

ಇಲ್ಲಿ ನರಸಿಂಹಯ್ಯನವರ ತಲೆಯ ವಿಷಯವಾಗಿ ಎರಡು ಮಾತು ಹೇಳುವುದು ಅಗತ್ಯ. ಆ ತಲೆಯ ನಡುಭಾಗದಲ್ಲಿ ಕೂದಲಿರಲಿಲ್ಲ. ಆದರೆ ಎಡಗಿವಿಯ ಮೇಲ್ಗಡೆ ಬೆಳೆದ ಒಂದು ನೀಳವಾದ ಎಳೆಗಳ ಗುಂಪನ್ನು ಎಣ್ಣೆ ಹಚ್ಚಿ, ನೆತ್ತಿಯ ಮೇಲಿಂದ ಸೇತುವೆಯಂತೆ ಹಾಯಿಸಿ, ಬಲಗಿವಿಯ ಬಳಿ ಒತ್ತಿ ಕೂರಿಸುವುದು ಅವರ ಪ್ರಾತಃಕಾಲದ ನಿಷ್ಠೆಯಾಗಿತ್ತು. ಅದರ ಕೆಳಗೆ, ಮುಖದಲ್ಲಿ, ಪೊರಕೆಯನ್ನು ಅಡ್ಡಲಾಗಿಟ್ಟಂಥ ಮೀಸೆ. ಇವೆರಡನ್ನು ಇಷ್ಟು ವರ್ಷಗಳಲ್ಲಿ ಕ್ಷೌರಿಕನೂ ಅವರ ಅಪ್ಪಣೆಯಿಲ್ಲದೆ ಮುಟ್ಟಿರಲಿಲ್ಲ.

ಅವರು ಹೋಗಿ ಕುಳಿತರು. ಇಷ್ಟದೈವವನ್ನು ನೆನೆದು ಕಣ್ಣು ಮುಚ್ಚಿದರು.

ಮೊದಲ ಹುಡುಗಿ ಒಂದೇ ಏಟಿಗೆ ಸೇತುವೆಯನ್ನು ಬುಡದಲ್ಲಿ ಕತ್ತರಿಸಿದಳು. ನರಸಿಂಹಯ್ಯನವರು ಕೇವಲ ನಡುಗಿದರು. ಎರಡನೆಯವಳು ಮೀಸೆಯ ಎಡಭಾಗವನ್ನು ಸಮಮಾಡಲು ಹೋಗಿ, ಸಮವಾಗದೆ, ಇನ್ನಷ್ಟು ಸಮಮಾಡಿ, ಕಡೆಗೆ ಎಡಭಾಗವೇ ಇಲ್ಲದಂತೆ ಮಾಡಿ, ಅಳಲು ಆರಂಭಿಸಿದಳು. ಮುನಿಯಕ್ಕ ಉಸಿರು ಬಿಗಿಹಿಡಿದು ಆ ಮುಖವನ್ನೇ ನೋಡುತ್ತಿದ್ದರು. ಆಫೀಸರಾಗಿದ್ದರೆ ಈಗ ಭೂಮಿ ಬಿರಿಯಬೇಕು, ಲೈಸೆನ್ಸ್ ಕೇಳಬೇಕು, ನೋಟಿಸು ಬರಬೇಕು.

ನರಸಿಂಹಯ್ಯನವರು ಕನ್ನಡಿಯನ್ನು ನೋಡಿದರು. ಅರ್ಧ ಮೀಸೆ ಅವರನ್ನು ನೋಡಿತು. ಅವರು ಅಳುತ್ತಿದ್ದ ಹುಡುಗಿಯ ಕಡೆ ತಿರುಗಿ, “ಅಳ್ಬೇಡಮ್ಮಾ. ಇನ್ನೊಂದ್ ಕಡೆ ಇದೆಯಲ್ಲ, ಅದ್ರಲ್ಲಿ ಕಲಿ,” ಎಂದರು.

ಮುನಿಯಕ್ಕನ ಸಂಶಯ ಅಲ್ಲಿಗೆ ನಿವಾರಣೆಯಾಯಿತು. ಅಷ್ಟರಲ್ಲಿ ರಂಜಿನಿ ತಡೆಯಲಾರದೆ ಒಳಗೆ ಬಂದು ಬಟ್ಟೆಯನ್ನು ಕೊಡವಿ ಕಟ್ಟಿ, ಕತ್ತರಿ ತೆಗೆದುಕೊಂಡಳು. ಉಳಿದ ಕೂದಲನ್ನು ಒತ್ತಾಗಿ ಸವರಿದಳು. ಉಳಿದ ಮೀಸೆಯನ್ನು ನಿರ್ದಾಕ್ಷಿಣ್ಯವಾಗಿ ತೆಗೆದಳು. ಹುಬ್ಬನ್ನು ಒಪ್ಪ ಮಾಡಿ, ಮುಖಕ್ಕೆ ಏನನ್ನೋ ಹಚ್ಚಿ, ಒರೆಸಿದಳು. ಮುನಿಯಕ್ಕ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಮೊದಲ ಕಂತನ್ನು ತಿಂಗಳ ಕೊನೆಗೆ ಕಟ್ಟಿದರೆ ಸಾಕು, ಭಾನುವಾರದ ಮದುವೆಗಳಿಗೆ ತನ್ನ ಜೊತೆ ಬಂದರೆ ಪಾಲು ಕೊಡುತ್ತೇನೆ ಎಂದರು. ಎಂಬತ್ತು ಸಾವಿರದ ಮಾತು ಅವರ ಬಾಯಲ್ಲಿ ಬರಲಿಲ್ಲ.

ತಂದೆ ಮಗಳು ಮನೆ ಮುಟ್ಟಿದಾಗ ದೊಡ್ಡಬೈರಪ್ಪ ಗೇಟಿನ ಬಳಿ ಪ್ಲಂಬರಿನ ದಾರಿ ಕಾಯುತ್ತ ನಿಂತಿದ್ದರು. ಮುಂದೆ ಬಂದ ನರಸಿಂಹಯ್ಯನವರನ್ನು ಅಡ್ಡಗಟ್ಟಿ ಯಾರು ಬೇಕಾಗಿತ್ತೆಂದು ಕೇಳಿದರು. ಆಫೀಸರು ಮನೆಯಲ್ಲಿಲ್ಲ, ಹೊರಗೆ ಹೋಗಿದ್ದಾರೆಂದು ತಾವೇ ತಿಳಿಸಿದರು.

“ನಾನು ರಂಜಿನಿ ತಂದೆ,” ಎಂದರು ನರಸಿಂಹಯ್ಯನವರು.

ದೊಡ್ಡಬೈರಪ್ಪ ಹತ್ತಿರ ಬಂದು ನೋಡಿದರು, ದೂರ ಸರಿದು ನೋಡಿದರು, ಒಂದು ಸುತ್ತು ಹಾಕಿ ಹಿಂದಿನಿಂದಲೂ ನೋಡಿದರು. ಧ್ವನಿ ಪರಿಚಿತ, ಮುಖ ಅಪರಿಚಿತ. ಕೊನೆಗೆ ನಂಬಿಕೆ ಬಂದಾಗ ಅವರು ಕೇಳಿದ್ದು ಆಫೀಸರಿಕೆಯ ವಿಷಯವನ್ನಲ್ಲ. ತಮ್ಮ ಅರೆನರೆತ ತಲೆಯನ್ನು ಸವರಿಕೊಳ್ಳುತ್ತ ರಂಜಿನಿಯ ಕಡೆಗೆ ಬಾಗಿ, ದನಿ ತಗ್ಗಿಸಿದರು.

“ಹತ್ತು ವರ್ಷ ಇಳಿಸ್ಬಿಟ್ಟಿದೀಯಲ್ಲಮ್ಮಾ ನಿಮ್ಮಪ್ಪಂಗೆ. ನಂಗೂ ಆಗುತ್ತಾ?”

“ಆಗುತ್ತೆ ಅಂಕಲ್. ಐನೂರು ರೂಪಾಯಿ.”

ಬಾಡಿಗೆಯಲ್ಲಿ ಹಿಡಿದುಕೋ ಎಂದರು ದೊಡ್ಡಬೈರಪ್ಪ. ರಂಜಿನಿ ಒಪ್ಪಲಿಲ್ಲ, ಕೈ ಚಾಚಿದಳು. ಬೀದಿಯಲ್ಲಿ ಯಾವ ಆಫೀಸರಿಗೂ ಒಂದು ಕಾಸು ಬಿಚ್ಚದ ಮನುಷ್ಯ ಅಂಗಿಯ ಒಳಜೇಬಿಗೆ ಕೈಹಾಕಿ ಒಂದು ನೋಟು ತೆಗೆದು ಕೊಟ್ಟು, ಅಂಗಳದ ಕಲ್ಲಿನ ಮೇಲೆ ಕತ್ತು ಬಗ್ಗಿಸಿ ಕುಳಿತರು.